ಗಂಟಿಲ್ಲದ ದಾರ ಎಲ್ಲಿ?

ಆಪರೇಷನ್ನಿಗೆ ಒಂದು ತಾಸು ಇರುವಾಗ ಹೊಲಿಗೆ ದಾರದ ಎರಡೂ ಡಬ್ಬಿಗಳು ಮಾಯವಾಗಿದ್ದವು!

ಕೊಲ್ಹಾಪುರದ ಆಸ್ಪತ್ರೆ. ಇಚಲಕರಂಜಿಯ ನನ್ನ ಗೆಳತಿ ಹೀರಾಬಾಯಿಗೆ ಇದ್ದದ್ದು ಒಂದೇ ಕಿಡ್ನಿ. ಅದರಲ್ಲೊಂದು ಗಡ್ಡೆ, ನಿಲ್ಲದ ರಕ್ತ. ಕಿಡ್ನಿಗೆ ಹೋಗುವ ರಕ್ತ ತಡೆದು, ಹೊಟ್ಟೆಯ ಸಣ್ಣ ತೂತಿನಿಂದ ಇಳಿಸಿದ ದುರ್ಬೀನಿನಲ್ಲಿ ನೋಡುತ್ತ ಗಡ್ಡೆ ತೆಗೆದು ಬೇಗ ಹೊಲಿಯಬೇಕು. ತಡವಾದರೆ ಕಿಡ್ನಿಯೇ ಹೋದೀತು.

ಆಪರೇಷನ್ ಮಾಡಬೇಕಿದ್ದ ಡಾ. ನೂತನ ಹಿಂದಿನ ದಿನ ಎರಡು ಬಗೆಯ ದಾರಗಳನ್ನು ಆಡಿನ ಕಿಡ್ನಿಗಳ ಮೇಲೆ ಹೊಲಿದು ಹೋಲಿಸಿದ್ದರು—ಗಂಟು ಹಾಕುವ ಸಾದಾ ದಾರ, ಸಣ್ಣ ಹಲ್ಲುಗಳಿರುವ ಗಂಟು ಬೇಡದ ದಾರ. ಬೇಗ ಹೊಲಿದು ಗೆದ್ದದ್ದು ಹಲ್ಲಿನ ದಾರ. ಅದು ಇದ್ದದ್ದು ಮಾಯವಾದ ಎರಡರಲ್ಲಿ ಒಂದು ಡಬ್ಬಿಯಲ್ಲಿ ಮಾತ್ರ.

ನನ್ನ ಜೊತೆ ಬಂದಿದ್ದ ಯಮುನಾಬಾಯಿ ನಿವೃತ್ತ ನರ್ಸ್. ಕೂಡಲೇ ವಿಚಾರಣೆಗಿಳಿದಳು, ಮೊದಲು ನೂತನರ ಸಹಾಯಕ ಡಾಕ್ಟರರನ್ನು ಹಿಡಿದು.

“ಸಾದಾ ದಾರಾನ ಗಟ್ಟಿ ಅಂತ ಜಗಳಾಡೋರು ನೀವಲ್ಲೇನ್ರಿ, ಕೇದಾರ ಡಾಕ್ಟರ?”

“ಜಗಳ ಬಾಯಾಗ ಅಷ್ಟರಿ. ನಿನ್ನಿ ಗಡಿಯಾರ ಹಿಡಿದಾಂವ ನಾನ, ಸೋತಾಂವನೂ ನಾನ!”

ಗಡಹಿಂಗ್ಲಜದ ದಾರದ ಏಜೆಂಟ್ ನಿಲೇಶ ಬೆವತಿದ್ದ. “ನಾ ಮಾರಾಂವ, ಕದಿಯಾಂವ ಅಲ್ರಿ ಅಕ್ಕಾ! ಪುಣೇಕ ಫೋನ್ ಮಾಡೇನಿ. ಹೊಸ ಡಬ್ಬಿ ಬರೂದು ಸಂಜಿಗೇನ.”

“ಸಾದಾ ಡಬ್ಬಿ ಯಾಕ ಹೋತು?” ಯಮುನಾಬಾಯಿ ಗೊಣಗಿದಳು. “ಕಪಾಟಿನ್ಯಾಗ ಅಂಥಾವ ರಾಶಿ ಅದಾವ. ಒಂದೂ ಮುಟ್ಟಿಲ್ಲ!”

ನನ್ನನ್ನೂ ನೂತನರನ್ನೂ ಮಾತ್ರ ಕರೆದುಕೊಂಡು ಹೊರಗಿನ ಬೆಂಚಿಗೆ ಬಂದಳು. ಅಲ್ಲಿ ಹೀರಾಬಾಯಿಯ ಅಣ್ಣ, ಸುಳಕೂಡದ ಸುಕುಮಾರ, ಚೀಲ ಅವಚಿಕೊಂಡು ಕೂತಿದ್ದ.

“ಅಣ್ಣಾರ, ನಿನ್ನಿ ಡಾಕ್ಟರಬಾಯಿ ನಿಮಗ ದಾರದ ಪರೀಕ್ಷಾ ಮಾಡಿದ ಆ ಖೋಲಿ ತೋರಿಸಿದ್ರೇನ್ರಿ?”

“ಹೌದ್ರಿ. ಧೈರ್ಯ ಬರಲಿ ಅಂತ, ಭಾಳ ಪ್ರೀತಿಲೆ.”

ಯಮುನಾಬಾಯಿ ದನಿ ತಗ್ಗಿಸಿದಳು. “ಕೇದಾರ ಡಾಕ್ಟರಾಗಿದ್ರ ಹಲ್ಲಿನ ದಾರ ಅಷ್ಟ ಬಚ್ಚಿಡತಿದ್ರು. ನಿಲೇಶನೂ ತುಟ್ಟೀದಷ್ಟ ಒಯ್ತಿದ್ದ. ಎರಡೂ ಒಯ್ದಾಂವಗ ದಾರದ ಭೇದ ಇಲ್ಲ. ಎರಡೂ ಆಡಿನ ಮಾಂಸದ ಬಾಜೂಕ ಇದ್ವು, ಅಷ್ಟ ಸಾಕು. ನೀವು ಜೈನರ ಮಂದಿ. ತಂಗಿ ವ್ರತ ಕೆಡತೈತಿ ಅಂತ ನೀವ ಎತ್ತಿಟ್ಟೀರಿ. ಹೌದಲ್ರಿ?”

ಸುಕುಮಾರ ಚೀಲ ಬಿಚ್ಚಿದ. ಹೊಸ ಟಾವೆಲಿನಲ್ಲಿ ಸುತ್ತಿದ ಡಬ್ಬಿಗಳು! “ಕಪಾಟಿನ್ಯಾಗಿನ ಹೊಸಾವು ತಗೋತಾರ ಅನ್ಕೊಂಡಿದ್ದೆರಿ... ಮಾಂಸ ಹೊಲಿದ ದಾರ ಆಕೀ ಮೈಯಾಗ ಹೆಂಗ ಬಿಡ್ಲಿ?”

ನೂತನ ಗದರಲಿಲ್ಲ. ಪಕ್ಕದಲ್ಲೇ ಕೂತರು. “ಹೊಲಿದದ್ದು ಅಲ್ಲೇ ಎಸದೇವ್ರಿ ಕಾಕಾ. ಒಂದೊಂದು ದಾರಕ್ಕ ಒಂದೊಂದು ಪಾಕೀಟು, ಸೀಲ್ ಒಡದಿಲ್ಲ. ಇದರಾಗ ಪ್ರಾಣಿದು ಏನೂ ಇಲ್ಲ. ಆದರೂ ಮನಸ್ಸು ಒಪ್ಪಲಿಲ್ಲಂದ್ರ ಕಪಾಟಿನ್ಯಾಗಿನ ಸಾದಾ ದಾರಲೇ ಹೊಲೀತೇನಿ. ಜೀವಾ ತೇದು ಹೊಲೀತೇನಿ.”

ಆತ ನೂತನ ತೋರಿಸಿದ ಹಲ್ಲಿನ ದಾರದ ಪಾಕೀಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಸೀಲಿನ ಮೇಲೆ ಬೆರಳಾಡಿಸಿದ. ನಂತರ ಎರಡೂ ಕೈಯಿಂದ ವೈದ್ಯೆಗೆ ಕೊಟ್ಟ.

“ಇದನ್ನ ಹಚ್ಚರಿ.”

ಮಧ್ಯಾಹ್ನ ನೂತನ ಹೊರಬಂದರು. ಬಂದವರೇ ನೇರ ಬೆಂಚಿನತ್ತ ನಡೆದರು.

“ತಡದಿದ್ದ ರಕ್ತ ಬಿಟ್ಟ ಕೂಡ್ಲೆ ಕಿಡ್ನಿ ಕೆಂಪಗಾತ್ರಿ, ಉಳೀತ್ರಿ ಕಾಕಾ!”