ಮೊದಲ ಕೂಗು

ಪಾವಗಡದ ಆಚೆ, ಬಂಡೆಬೆಟ್ಟದ ಬುಡದಲ್ಲಿರುವ ಗೊಲ್ಲರಹಟ್ಟಿಯೊಂದರ ಶಾಲೆಗೆ ನಾನು ಕಳೆದ ವರ್ಷದಿಂದ ಇಂಗ್ಲಿಷ್ ಕಲಿಸಲು ಹೋಗುತ್ತಿದ್ದೇನೆ. ಸಂಬಳವಿಲ್ಲ, ನನ್ನದೇ ಆಸೆ. ಅಲ್ಲಿನ ಮಕ್ಕಳು ಹೆಸರು ಕರೆದರೆ ಸುಮ್ಮನಿರುತ್ತಿದ್ದರು. ಮೂರನೆಯ ಸಲ ಕರೆದಾಗಲೇ ಓಗೊಡುತ್ತಿದ್ದರು.

“ಬೆಟ್ಟದಲ್ಲಿರೋದು ಒಂದೇ ದಪ ಕೂಗ್ತದೆ ಕಣಮ್ಮ,” ಎಂದಳು ಬಿಸಿಯೂಟ ಮಾಡುವ ನಾಗಕ್ಕ. “ಮೂರು ದಪ ಕೂಗಿದ್ರೆ ಮನುಸ್ರು ಅಂತ. ಮೊದಲ್ನೇ ಕೂಗಿಗೆ ಓಗೊಟ್ಬುಡಬಾರ್ದು.”

ನನ್ನಜ್ಜಿಯ ಕಥೆಗಳಲ್ಲೂ ಇಂಥದ್ದೇ ಇರುತ್ತಿತ್ತು. ಕೇಳಿ ಖುಷಿಯಾಯಿತು.

“ನಿಮ್ಮ ಬೆಟ್ಟಕ್ಕೆ ಇಂಗ್ಲಿಷ್ ಬರಲ್ಲ ಬಿಡಿ ನಾಗಕ್ಕ,” ಎಂದೆ. ಅವಳೂ ನಕ್ಕಳು.

ಕರೆದ ಕೂಡಲೇ ‘ಯೆಸ್ ಮಿಸ್’ ಅನ್ನಬೇಕೆಂದು ಮಕ್ಕಳಿಗೆ ಕಲಿಸಿದೆ. ಎಲ್ಲರಿಗಿಂತ ಮೊದಲು ಕಲಿತವಳು ನಾಗಕ್ಕನ ಮೊಮ್ಮಗಳು ಭೂಮಿಕಾ.

ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೊರಗೆ ಆಡುಗಳ ಗಂಟೆ ಸದ್ದು ಒಮ್ಮೆಲೇ ನಿಂತುಹೋಯಿತು. ಕಿಟಕಿಯ ಕಡೆಯಿಂದ ನನ್ನದೇ ದನಿ ಕರೆಯಿತು, “ಭೂಮಿಕಾ.”

ನಾನು ಬಾಯಿ ತೆರೆದಿರಲಿಲ್ಲ.

“ಯೆಸ್ ಮಿಸ್!” ಎಂದು ಅವಳು ಎದ್ದು ಬಾಗಿಲಿನತ್ತ ನಡೆದಳು. ಓಡಿಹೋಗಿ ಕೈ ಹಿಡಿದುಕೊಂಡೆ. ಆ ಉರಿಬಿಸಿಲಲ್ಲಿ ಅವಳ ಅಂಗೈ ನೀರು ತುಂಬಿದ ಮಡಕೆಯಂತೆ ತಣ್ಣಗಿತ್ತು.

ಅವತ್ತಿನಿಂದ ಭೂಮಿಕಾ ಮಾತಾಡಿಲ್ಲ. ಉಣ್ಣುತ್ತಾಳೆ, ನಗುತ್ತಾಳೆ, ಬರೆಸಿದ್ದನ್ನು ಬರೆಯುತ್ತಾಳೆ. ದಿನವೂ ಶಾಲೆ ಬಿಟ್ಟ ಮೇಲೆ ನಾಗಕ್ಕ ಅವಳನ್ನು ಎದುರಿಗೆ ಕೂರಿಸಿಕೊಂಡು, ಗಲ್ಲ ಹಿಡಿದು ಕರೆಯುತ್ತಾಳೆ.

“ಭೂಮಿ... ಲೇ ಭೂಮಿ... ನಾನು ಕಣೇ, ನಿಮ್ಮಜ್ಜಿ. ಭೂಮೀ!”

ಹುಡುಗಿಯ ತುಟಿ ಅಲುಗುವುದಿಲ್ಲ. ಮೂರನೆಯ ಕೂಗಿಗೆ ಬೆಟ್ಟದ ಮೇಲಿನಿಂದ, ಅವಳದೇ ದನಿಯಲ್ಲಿ, “ಯೆಸ್ ಮಿಸ್” ಎಂದು ಕೇಳಿಸುತ್ತದೆ.