ಸಿಗಬಾರದ ಡಬ್ಬಿ

ಫೋನಿನಲ್ಲಿ ಮತ್ತೆ ಅದೇ ರಾಗ: ‘ಡಬ್ಬಿ ಸಿಗಲಿಲ್ಲ.’ ಕನ್ನಡಕದಂಗಡಿಯವಳಿಗೆ ಮೈ ಉರಿದುಹೋಯಿತು.

ಜಿಯೋಕ್ಯಾಶಿಂಗ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಆ್ಯಪ್‌ಗೆ ಹಾಕುತ್ತಾರೆ, ಮಿಕ್ಕವರು ಹುಡುಕುತ್ತಾರೆ. ಯಾರಾದರೂ ‘ಸಿಗಲಿಲ್ಲ’ ಎಂದರೆ ಇಟ್ಟವರೇ ಹೋಗಿ ನೋಡಬೇಕು. ಹೊಳೆದಂಡೆಯ ದಾರಿಯಲ್ಲಿ, ಜೌಗುನೆಲದ ಪಕ್ಷಿಧಾಮ ಶುರುವಾಗುವ ಕಡೆ, ಕಲ್ಲುಬೆಂಚಿನ ಕೆಳಗೆ ಅವಳು ಬಚ್ಚಿಟ್ಟ ಊಟದ ಡಬ್ಬಿ. ಪ್ರತಿ ಭಾನುವಾರವೂ ಅದು ಇದ್ದಲ್ಲೇ ಇರುತ್ತಿತ್ತು. ಪಕ್ಕದಲ್ಲಿ ಬೆಪ್ಪನಂತೆ ಹುಡುಕುತ್ತ, ‘ಸಿಗಲಿಲ್ಲ’ ಎಂದು ಬರೆದ ಗಡಿಯಾರ ರಿಪೇರಿಯವನೂ ಇರುತ್ತಿದ್ದ.

ಆಮೇಲೆ ಇಬ್ಬರೂ ಸೇತುವೆಯವರೆಗೆ ಮಾತಾಡುತ್ತ ನಡೆಯುತ್ತಿದ್ದರು. ಅಷ್ಟಕ್ಕೇ ಅವಳ ವಾರ ತುಂಬಿಹೋಗುತ್ತಿತ್ತು.

“ಡಬ್ಬಿ ನೋಡೋಕೆ ಲಿಪ್‌ಸ್ಟಿಕ್ ಯಾಕೇ?” ಅಂದಳು ಅಕ್ಕ.

“ನಿನಗ್ಯಾಕೆ ಇಲ್ಲದ ಉಸಾಬರಿ?” ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಅವನು ಅಲ್ಲೇ ಇದ್ದ. “ಸಾಸಿವೆಯಷ್ಟು ಸ್ಕ್ರೂ ಕಾಣುತ್ತೆ, ಊಟದ ಡಬ್ಬಿ ಕಾಣಲ್ವಾ?” ಅಂದಳು. “ದೂರದ್ದು ಕಾಣ್ತಿಲ್ಲ ನಿಮಗೆ. ನಡೀರಿ ಅಂಗಡಿಗೆ.”

ಕತ್ತಲೆ ಕೋಣೆಯಲ್ಲಿ ಅವನು ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ಗಡಗಡನೆ ಓದಿಬಿಟ್ಟ. ಟಾರ್ಚ್ ಹಿಡಿದು ಬಗ್ಗಿದಳು. ಅವನು ರೆಪ್ಪೆ ಬಡಿಯದೆ ಅವಳನ್ನೇ ನೋಡಿದ. ಅವಳು ಟಾರ್ಚ್ ಆರಿಸಿದಳು.

“ಕಣ್ಣಿಗೇನೂ ಆಗಿಲ್ಲ.”

“ಹಾಗಾದ್ರೆ ಬೇರೆಲ್ಲೋ ಆಗಿರ್ಬೇಕು.”

ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಷಿಧಾಮದ ಕಾವಲುಗಾರನ ಫೋನ್ ಬಂತು. ಹಕ್ಕಿಗಳು ಗೂಡು ಕಟ್ಟಲು ಶುರುಮಾಡಿವೆ, ನಾಳೆಯಿಂದ ದಾರಿ ಬಂದ್, ಡಬ್ಬಿಯನ್ನು ಇವತ್ತೇ ತೆಗೆಯಬೇಕು.

ತೆಗೆದರೂ ಭಾನುವಾರ ಮುಗಿಯಿತು, ಅವನಿಗೆ ಸಿಕ್ಕರೂ ಮುಗಿಯಿತು. ಅತ್ತ ದರಿ ಇತ್ತ ಪುಲಿ. ಹಾಳಾದ ಹಕ್ಕಿಗಳಿಗೆ ಇದೇ ಜಾಗ ಬೇಕಿತ್ತೆ! ಬೈದುಕೊಳ್ಳಬಹುದಿತ್ತು ಅಷ್ಟೇ. ಮೊಟ್ಟೆಗೆ ಬಂದ ಹಕ್ಕಿಯನ್ನು ಯಾರು ತಡೆದಾರು?

ಸಂಜೆ ಅವನೂ ಜೊತೆಗೆ ಬಂದ.

“ಕೊನೇ ಚಾನ್ಸ್. ಹುಡುಕಿ,” ಅಂದಳು. ಸಿಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಅವನು ನೇರವಾಗಿ ಹೋಗಿ ಬೆಂಚಿನ ಕೆಳಗೆ ಕೈಯಿಟ್ಟು ಡಬ್ಬಿ ತೆಗೆದ. ತಡಕಲೂ ಇಲ್ಲ.

“ಅಯ್ಯೋ ಕಳ್ಳ! ಗೊತ್ತಿತ್ತಾ?”

“ಮೊದಲ ದಿನಾನೇ ಸಿಕ್ತು. ಸಿಕ್ತು ಅಂತ ಬರೆದ್ರೆ ನೀವ್ಯಾಕೆ ಬರ್ತೀರಿ?” ಅವನ ದನಿ ಸೋತಿತ್ತು. “ಇನ್ನು ನನ್ಹತ್ರ ಬೇರೆ ನೆಪ ಇಲ್ಲ. ಏನ್ ಮಾಡ್ಲಿ, ನೀವೇ ಹೇಳಿ.”

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳುವೇ ಬಂತು.

“ನೆಪ ಇಲ್ಲದೇನೇ ಬನ್ನಿ. ನಿಮ್ಮನ್ನ ನೋಡ್ದೆ ಇರೋಕೆ ನನ್ನ ಕೈಲಿ ಆಗಲ್ಲ ಕಣ್ರೀ.”

ಅವನು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ ಅವಳ ಕೈ ಹಿಡಿದುಕೊಂಡ.

“ಆಚೆ ಬರ್ರೀ, ಗೇಟ್ ಹಾಕ್ಬೇಕು!” ಎಂದು ಕಾವಲುಗಾರ ಕೂಗಿದ.

“ಬಂದ್ವಿ,” ಎಂದರು ಇಬ್ಬರೂ. ಒಬ್ಬರೂ ಕದಲಲಿಲ್ಲ.