ಗರೀಬ್ ಅಂದ ತಪ್ಪಿಗೆ

“ಅನ್ತ ಗರೀಬ್,” ಎಂದೆ. ಬಾಗಿಲ ಪರದೆಯಾಚೆ ಮೆಹಬೂಬಸಾಬರ ಕಣ್ಣಿನ ನಗು ಆರಿಹೋಯಿತು.

ಅವರು ನಮ್ಮ ಓಣಿಯ ಲಾರಿ ಡ್ರೈವರ್. ಕುವೈತಿನಲ್ಲಿ ಕೆಲಸ ಸಿಕ್ಕಿತ್ತು. ಅರಬ್ಬಿ ಕಲಿಯಲು ತಂದ ಪುಸ್ತಕ ಉರ್ದುವಿನಲ್ಲಿತ್ತು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ನಾನು ಉರ್ದು ಶಾಲೆಯನ್ನು ನಾಲ್ಕನೇ ಇಯತ್ತೆಗೇ ಬಿಟ್ಟವಳು, ಆದರೂ ಅಕ್ಷರ ಕೂಡಿಸಿ ಓದಬಲ್ಲೆನೆಂದು ಪುಸ್ತಕ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಅಮ್ಮ ಶೇಂಗಾ ಸುಲಿಯುತ್ತ ಕಾವಲು ಕೂತಿರುತ್ತಿದ್ದಳು. ನಾನು ಒಳಗಿನಿಂದ ಓದುತ್ತಿದ್ದೆ, ಅವರು ಹೊಸ್ತಿಲಾಚೆ ಕೂತು ಒಪ್ಪಿಸುತ್ತಿದ್ದರು. ಕಲಿಸುವವರು ಯಾರೂ ಇರಲಿಲ್ಲ, ಇಬ್ಬರೂ ಕಲಿಯುವವರೇ.

ಆ ದಿನ ಅಮ್ಮ ಒಲೆಯ ಕಡೆ ಹೋದಳು. ಅವರು ದನಿ ತಗ್ಗಿಸಿದರು.

“ಟೀಚರ್ ಬಾಯಾರ, ಒಂದ್ ಪರೀಕ್ಷಾ ಮಾಡೂಣು. ನಾ ನಿಮಗ ಏನಾಗಬೇಕು? ಅರಬ್ಬಿಯಾಗ ಹೇಳ್ರಿ.”

ಪರದೆಯ ಸಂದಿಯಲ್ಲಿ ಅವರ ಒಂದೇ ಕಣ್ಣು ಕಾಣುತ್ತಿತ್ತು, ತುಂಟ ಕಣ್ಣು. ನಾಚಿಕೆಗೆ ಬಾಯಿಗೆ ಬಂದ ‘ಅನ್ತ ಗರೀಬ್’ ಅಂದುಬಿಟ್ಟೆ. ‘ಅನ್ತ’ ಅಂದರೆ ಅರಬ್ಬಿಯಲ್ಲಿ ನೀವು. ನೀವು ಗರೀಬ, ಬಡಪಾಯಿ ಎಂಬ ಚೇಷ್ಟೆ, ಅಷ್ಟೇ.

ಅವರು ಪುಸ್ತಕ ಬಿಟ್ಟು ಎದ್ದು ಹೋದರು. ಮತ್ತೆ ಬರಲಿಲ್ಲ. ಹೊಲಿಯುತ್ತ ಕೂತಾಗ ಓಣಿಯಲ್ಲಿ ಲಾರಿಯ ಹಾರ್ನ್ ಕೇಳಿದರೆ ಸೂಜಿ ನನ್ನ ಬೆರಳಿಗೇ ಚುಚ್ಚುತ್ತಿತ್ತು.

ಅವರು ಹೊರಡುವ ಮುಂಜಾನೆ ಆ ಪುಸ್ತಕ ತೆರೆದೆ. ಗೊತ್ತಿದ್ದ ಪದವೆಂದು ಅರ್ಥ ನೋಡದೆ ದಾಟಿಸಿದ್ದ ಸಾಲು ಕಣ್ಣಿಗೆ ಬಿತ್ತು. ಅರಬ್ಬಿಯಲ್ಲಿ ಗರೀಬ್ ಎಂದರೆ ಬಡವನಲ್ಲ, ಪರಕೀಯ. ಕುವೈತಿನಿಂದ ಬಂದಿದ್ದ ಚಮನಸಾಬ ಅದನ್ನು ಅವರಿಗೆ ಮೊದಲೇ ಹೇಳಿರಬೇಕು.

ನೀವು ನನಗೆ ಯಾರೂ ಅಲ್ಲ ಎಂದಿದ್ದೆ ನಾನು!

ಒಬ್ಬಳೇ ಎಂದೂ ಓಣಿ ದಾಟದವಳು ಯರಗಟ್ಟಿ ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಬೆಳಗಾವಿ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಕಿಟಕಿಯಲ್ಲಿ ಅವರು. ಕೆಳಗೆ ಅವರ ತಾಯಿ ಬೇಗಂಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಬಡವ ಅಂತ ಅಂದಿದ್ದೆ ನಾ, ಅಷ್ಟರೀ!” ಕೂಗಿದೆ. “ನಮ್ಮ ಮಾತಿನ ಗರೀಬ! ಅರ್ಥ ನೋಡಿರಲಿಲ್ಲರೀ...”

ಅವರು ದಿಟ್ಟಿಸಿದರು. “ಹಂಗಾರ ನಾ ಯಾರು?”

ಕಂಡಕ್ಟರ್ ಸೀಟಿ ಊದಿದ. ಕಲಿತ ಅರಬ್ಬಿಯ ಒಂದಕ್ಷರವೂ ನೆನಪಾಗಲಿಲ್ಲ.

“ನೀವಲ್ಲದ ನನಗ ಬ್ಯಾರೆ ಯಾರೂ ಬ್ಯಾಡ್ರಿ,” ಎಂದೆ.

ಬಸ್ಸು ಸರಿಯಿತು. ಅವರು ಅರ್ಧ ಮೈ ಹೊರಗೆ ಚಾಚಿದರು.

“ಅವ್ವಾ, ಇವತ್ತ ಅವರ ಮನಿಗೆ ಹೋಗು! ಅವರಪ್ಪಗ ಕೇಳು! ನಾ ಬರೂತನಕ ಮಗಳ್ನ ಯಾರಿಗೂ ಕೊಡಬ್ಯಾಡ್ರಿ ಅನ್ನು!”

ಧೂಳಿನಲ್ಲಿ ನಿಂತು ಬಿಕ್ಕುತ್ತಿದ್ದೆ. ಬೇಗಂಬಿ ನನ್ನ ಬರಿಗಾಲು ನೋಡಿದರು.

“ಚಪ್ಪಲಿನೂ ಇಲ್ಲದ ಓಡಿ ಬಂದಿಯಲ್ಲ, ಹುಚ್ಚಿ? ನಡಿ ಮದರಬಿ, ನಿಮ್ಮಪ್ಪನ ಮುಂದ ನಾ ಮಾತಾಡತೇನಿ.”

ಕೈ ಹಿಡಿದರು. ಮನೆ ಬರುವವರೆಗೂ ಬಿಡಲಿಲ್ಲ.